ಯಾರೋ ನೀರು ಕುಡಿಯುವ ಸದ್ದು

ಮೋಕಾ ಊರಿನಲ್ಲಿ ನನ್ನ ಗಂಡನ ಹೆಸರು ಎಫ್ರಾಯಿನ್ ಎಂದು ಗೊತ್ತಿರುವುದು ಪಾದ್ರಿಗೆ, ಅಂಚೆಯವನಿಗೆ ಮತ್ತು ನನಗೆ. ಉಳಿದವರಿಗೆಲ್ಲ ಅವನು ‘ಕಿವಿ’. ಕಿವಿಯ ಗ್ಯಾರೇಜು, ಕಿವಿಯ ಹೆಂಡತಿ, ಕಿವಿಯ ಮಗಳು. ಬೇರೆ ಮೆಕ್ಯಾನಿಕ್‌ಗಳು ಎಂಜಿನ್ನು ಬಿಚ್ಚಿ ಹರಡಿಕೊಂಡು ರೋಗ ಹುಡುಕುತ್ತಾರೆ. ಇವನು ಉದ್ದನೆಯ ಸ್ಕ್ರೂಡ್ರೈವರಿನ ಮೊನೆಯನ್ನು ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಹೇಳುತ್ತಾನೆ. ಅವನು ಕಣ್ಣು ಮುಚ್ಚಿದನೆಂದರೆ ಸುತ್ತ ನಿಂತವರು ಬಿಯರ್ ಗುಟುಕನ್ನೂ ಬಾಯಲ್ಲೇ ಹಿಡಿದುಕೊಂಡಿರುತ್ತಾರೆ. ಪಾದ್ರಿ ರೊಟ್ಟಿ ಎತ್ತುವಾಗಲೂ ನಮ್ಮ ಚರ್ಚಿನಲ್ಲಿ ಅಷ್ಟು ಮೌನ ಇರುವುದಿಲ್ಲ.

ಅವನದೇ ಒಂದು ಕಾರಿದೆ. ಕೆಂಪು ಬಣ್ಣ, ಎರಡೇ ಸೀಟು, ಕೂತರೆ ಏಳಲು ಇಬ್ಬರು ಕೈ ಕೊಡಬೇಕು ಅಷ್ಟು ತಗ್ಗು. ನಮ್ಮ ಮಗಳು ಯಾರೆಲಿಸ್‌ಗಿಂತ ವಯಸ್ಸಿನಲ್ಲಿ ದೊಡ್ಡದು. ಒಳಗಿರುವುದು ರೋಟರಿ ಎಂಜಿನ್ನು. ಮೇಲೆ ಕೆಳಗೆ ಕುಟ್ಟುವ ಪಿಸ್ಟನ್ ಅದರಲ್ಲಿಲ್ಲ, ಮೂರು ಮೂಲೆಯ ಉಕ್ಕಿನ ತುಂಡು ಗಿರಗಿರ ತಿರುಗುತ್ತದೆ, ಅಷ್ಟೇ. ಸದ್ದು ಮಾತ್ರ ಆಚೆ ಗುಡ್ಡದವರಿಗೂ ಕೇಳಬೇಕು. ಪೋರ್ಟೊ ರಿಕೊದ ಗಂಡಸರಿಗೆ ಆ ಸದ್ದಿನ ಹುಚ್ಚು ಹುಟ್ಟಿನಿಂದಲೇ ಬಂದದ್ದು, ಸುಟ್ಟರೂ ಹೋಗುವುದಿಲ್ಲ.

ಈ ಎಂಜಿನ್ನಿಗೆ ಬಿಸಿ ಆಗಿಬರುವುದಿಲ್ಲ. ಊಟಕ್ಕೆ ಕೂತಾಗಲೆಲ್ಲ ಕೇಳಿ ಕೇಳಿ ನನಗೇ ಬಾಯಿಪಾಠವಾಗಿದೆ. ಒಳಗೆ ನೀರನ್ನೂ ಬೆಂಕಿಯನ್ನೂ ಬೇರೆ ಬೇರೆ ಇಟ್ಟಿರುವುದು ದಾರದಷ್ಟು ಸಣ್ಣ ರಬ್ಬರಿನ ಉಂಗುರ. ಒಂದೇ ಸಲ ಕಾದರೂ ಅದು ಬೆಂದು ಹೋಗುತ್ತದೆ, ಆಮೇಲೆ ಎಂಜಿನ್ನನ್ನು ತೂಕಕ್ಕೆ ಹಾಕಬೇಕು. ಅದಕ್ಕಾಗಿ ಇವನು ಮಾಡದ ಆರೈಕೆಯಿಲ್ಲ. ದಪ್ಪ ರೇಡಿಯೇಟರ್ ತಂದು ಕೂರಿಸಿದ. ಕೊಳವೆಗಳಿಗೆಲ್ಲ ಬಾಣಂತಿಗೆ ಸುತ್ತಿದ ಹಾಗೆ ಬಟ್ಟೆ ಸುತ್ತಿದ. ಏಸಿ ಇದ್ದರೆ ಎಂಜಿನ್ನಿಗೆ ಭಾರ ಅಂತ ಏಸಿಯನ್ನೇ ಕಿತ್ತು ಹಾಕಿದ. ಎಂಜಿನ್ನಿಗೆ ತಂಪು, ಹೆಂಡತಿಗೆ ಬೆವರು. ತೀರಾ ಕಾದರೆ ಹೀಟರ್ ಹಾಕಬೇಕಂತೆ. ಎಂಜಿನ್ನಿನ ಬಿಸಿನೀರು ಡ್ಯಾಶಿನ ಹಿಂದಿನ ಪೆಟ್ಟಿಗೆಗೆ ಬಂದು ಹೋಗುತ್ತದೆ, ಆ ಬಿಸಿಯನ್ನು ನಮ್ಮ ಮೈಮೇಲೆ ಊದಿಸಿಕೊಂಡರೆ ಅದಕ್ಕೆ ಅಷ್ಟು ಹಗುರ. “ನಾವು ಬೇಯೋದು, ಅದು ಬದುಕೋದು” ಎನ್ನುತ್ತಿದ್ದ. ಬಿಸಿ ತೋರಿಸುವ ಮುಳ್ಳು ಎಂದೋ ಕೆಟ್ಟು ಕೂತಿತ್ತು. ಅದನ್ನು ಮಾತ್ರ ಸರಿ ಮಾಡಲಿಲ್ಲ. “ಮುಳ್ಳು ಸುಳ್ಳು ಹೇಳುತ್ತೆ ನೆಗ್ರಾ, ಕಿವಿ ಹೇಳಲ್ಲ.” ಪ್ರೀತಿ ಬಂದಾಗ ನನ್ನನ್ನು ನೆಗ್ರಾ ಎನ್ನುತ್ತಾನೆ, ಸಿಟ್ಟು ಬಂದಾಗ ಮಿಗ್ದಾಲಿಯ.

ಆ ಬಿಸಿನೀರಿನ ಪೆಟ್ಟಿಗೆ ಇರುವುದು ಸರಿಯಾಗಿ ನನ್ನ ಮೊಣಕಾಲಿನ ಎದುರಿಗೆ. ಅದಕ್ಕೇ ಮೊದಲು ನನಗೆ ಕೇಳಿಸಿತು.

ಕ್ರಿಸ್ಮಸ್ ಹೊತ್ತಿಗೆ ನನ್ನ ತಂಗಿಯ ಮನೆಗೆ ಹೋಗುತ್ತಿದ್ದೆವು. ಮಡಿಲಲ್ಲಿ ಹುರಿದ ಹಂದಿಯ ತಟ್ಟೆ. ಏರಿನಲ್ಲಿ ಅವನು ಆಕ್ಸಿಲರೇಟರ್ ಒತ್ತಿದಾಗೆಲ್ಲ ಡ್ಯಾಶಿನ ಹಿಂದೆ ಗುಳ್, ಗುಳ್, ಗುಳ್ ಎಂದು, ಬಾಯಾರಿದವರು ಹೂಜಿ ಎತ್ತಿ ಗಟಗಟ ಕುಡಿಯುವ ಸದ್ದು.

“ಎಫ್ರಾಯಿನ್, ಒಳಗೆ ಯಾರೋ ನೀರು ಕುಡೀತಿದ್ದಾರೆ.”

“ಯಾರು?”

“ನಿನ್ನ ಕಾರಿನೊಳಗೆ ಮಾರಾಯ. ಗುಳಗುಳ ಅಂತಿದೆ, ಕೇಳಿಸ್ತಿಲ್ವಾ?”

ಅವನು ಕಾರು ಪಕ್ಕಕ್ಕೆ ಹಾಕಿ, ನನ್ನ ಕಾಲಿನ ಹತ್ತಿರ ಬಗ್ಗಿ, ಎಡಗೈಯಲ್ಲಿ ಆಕ್ಸಿಲರೇಟರ್ ಒತ್ತಿದ. ಗುಳ್, ಗುಳ್. ನನ್ನ ಮೊಣಕಾಲೇ ಅದುರಿದ ಹಾಗಾಯಿತು. ಅವನು ಎದ್ದು ಧೂಳು ಕೊಡವಿಕೊಂಡ.

“ಏನೂ ಇಲ್ಲ. ನಿನ್ನ ಹೊಟ್ಟೆ ಇರ್ಬೇಕು. ಹಂದಿ ವಾಸ್ನೆಗೆ ಗುರ್ರ್ ಅಂತಿದೆ.”

ನಕ್ಕೆ. ಅವನ ಕಿವಿಯೆದುರು ನನ್ನ ಕಿವಿ ಯಾವ ಲೆಕ್ಕ? ಲೇಸು ಹೆಣೆಯುವವಳು ನಾನು. ದಿಂಬಿನ ಮೇಲೆ ಮರದ ಕಡ್ಡಿಗಳನ್ನು ಟಕಟಕ ಹೊರಳಿಸುವ ಸದ್ದು ಬಿಟ್ಟರೆ ನನಗೇನು ಗೊತ್ತು ಎಂದುಕೊಂಡೆ. ಹೊಸ ವರ್ಷವಾಯಿತು, ಉಪವಾಸದ ದಿನಗಳೂ ಬಂದವು. ಕಾರು ಹತ್ತಿದಾಗಲೆಲ್ಲ ಆ ಬಾಯಾರಿದವರು ಕುಡಿಯುತ್ತಲೇ ಇದ್ದರು. ನಾನು ಹೇಳುವುದು, ಅವನು ಬಗ್ಗುವುದು, ಏನೂ ಇಲ್ಲ ಎನ್ನುವುದು. ಕೊನೆಗೆ ಅವನಿಗೇ ರೇಗಿತು. “ಮಿಗ್ದಾಲಿಯ, ನಿನ್ನ ಲೇಸಿಗೆ ನಾನು ಬಾಯಿ ಹಾಕ್ತೀನಾ?” ಎಂದ. ಗಂಡಸರು ಹೆಂಡತಿಯ ಮಾತನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂದು ಊರೆಲ್ಲ ದೂರುವ ಹಾಗೆ ನಾನೂ ದೂರಿಕೊಂಡೆ. ಕಿವಿಗೆ ಬೀಳುತ್ತಲೇ ಇಲ್ಲ ಎಂದು ಹೊಳೆಯಲಿಲ್ಲ.

ಹೊಳೆದದ್ದು ಈಸ್ಟರ್ ಕಳೆದ ಮೇಲೆ, ಒಂದು ಸಂಜೆ. ಮಳೆ ಬಂದು ನಿಂತಿತ್ತು. ಹೊಸಿಲಲ್ಲಿ ಕಾಫಿ ಕುಡಿಯುತ್ತ ಕೂತಿದ್ದೆವು. ಮಳೆ ನಿಂತಿತೆಂದರೆ ನಮ್ಮಲ್ಲಿ ಉಗುರಿನಷ್ಟು ಗಾತ್ರದ ಕೊಕಿ ಕಪ್ಪೆಗಳು ಕೀ, ಕೀ ಎಂದು ಶುರು ಮಾಡುತ್ತವೆ. ಆವತ್ತಂತೂ ಬಾಳೆಯ ಬುಡದಿಂದ, ನೀರಿನ ತೊಟ್ಟಿಯಿಂದ, ಗೋಡೆಯ ಸಂದಿಯಿಂದ, ತಲೆ ಚಿಟ್ಟು ಹಿಡಿಯುವ ಹಾಗೆ ಕೂಗುತ್ತಿದ್ದವು.

ಎಫ್ರಾಯಿನ್ ಕಾಫಿ ಮುಗಿಸಿ ಲೋಟ ಕೆಳಗಿಟ್ಟ. “ನೋಡು ನೆಗ್ರಾ, ಈ ವರ್ಷ ಕೊಕಿಗಳೇ ಇಲ್ಲ. ಎಲ್ಲಾ ಔಷಧಿ ಹೊಡ್ದು ಹೊಡ್ದು ಸಾಯಿಸ್ಬಿಟ್ರು. ಎಷ್ಟು ಬಿಕೋ ಅನ್ಸುತ್ತೆ.”

ಟೀವಿಯ ಗದ್ದಲ, ಫೋನು ಅರಚಿಕೊಂಡರೂ ಎತ್ತದಿರುವುದು, ಮಗಳ ಮಾತಿಗೆ ಸುಮ್ಮನೆ ನಗುವುದು, ಎಲ್ಲ ಒಮ್ಮೆಗೇ ತಲೆಯಲ್ಲಿ ಸಾಲಾಗಿ ಬಂದವು. ಜೀವಮಾನವಿಡೀ ಆ ಕೂಗುವ ಎಂಜಿನ್ನುಗಳ ಬಾಯಿಗೆ ಕಿವಿ ಕೊಟ್ಟವನು. ಸ್ಕ್ರೂಡ್ರೈವರಿನ ಹಿಡಿಯಿಂದ ಮೂಳೆಗೆ ದಡದಡ ಬರುವುದು ಬರುತ್ತಿತ್ತು, ಅದರಿಂದಲೇ ಊರು ಅವನನ್ನು ನಂಬಿತ್ತು. ಸಣ್ಣ ಸದ್ದುಗಳೆಲ್ಲ ಒಂದೊಂದಾಗಿ ಅವನನ್ನು ಬಿಟ್ಟು ಹೋಗಿದ್ದವು. ‘ಇಲ್ಲಿವೆಯಲ್ಲೋ, ಸುತ್ತಲೂ ಕೂಗ್ತಿವೆಯಲ್ಲೋ’ ಎನ್ನಬೇಕಿತ್ತು. ಬಿಸಿ ತುಪ್ಪವಾಯಿತು, ಉಗುಳಲಾಗಲಿಲ್ಲ, ನುಂಗಲಾಗಲಿಲ್ಲ.

“ಹೌದು,” ಎಂದೆ. “ಬಿಕೋ ಅನ್ಸುತ್ತೆ.”

ಮಾರನೆಯ ವಾರ ಚೆಯೊನ ಹತ್ತಿರ ಹೋದೆ. ಚೆಯೊ ನನ್ನ ಗಂಡನ ಜೀವದ ಗೆಳೆಯ, ಯಾರೆಲಿಸ್‌ಗೆ ಜ್ಞಾನಸ್ನಾನ ಮಾಡಿಸುವಾಗ ಎತ್ತಿಕೊಂಡು ನಿಂತವನು, ಆ ನಂಟಿಗೆ ನನ್ನನ್ನು ಕೊಮಾಯ್, ನನ್ನ ಗಂಡನನ್ನು ಕೊಂಪಾಯ್ ಎಂದು ಕರೆಯುವವನು, ರೋಟರಿ ಕಾರಿನವರ ಸಂಘಕ್ಕೆ ಮುಂದಾಳು. ಕಿವಿಯ ಮಾತು ಎತ್ತಲು ಧೈರ್ಯ ಬರಲಿಲ್ಲ. ಕಾರಿನ ಮಾತು ಎತ್ತಿದೆ.

“ಆ ಕಾರು ಗುಳಗುಳ ಅಂತಿದೆ ಚೆಯೊ. ಒಂದ್ಸಲ ನೀನು ನೋಡು.”

“ಕೊಮಾಯ್, ಕಿವಿ ಏನಂದ?”

“ಏನೂ ಇಲ್ಲ ಅಂದ.”

“ಮತ್ತೆ? ಸೊಳ್ಳೆ ಕೆಮ್ಮಿದ್ರೂ ಕೇಳ್ಸುತ್ತೆ ಅವ್ನಿಗೆ. ಅವ್ನು ಇಲ್ಲ ಅಂದ್ಮೇಲೆ ನಾನು ಹೋಗಿ ಬಾನೆಟ್ ಎತ್ತಿದ್ರೆ ನನ್ನ ಮುಖ ನೋಡ್ತಾನಾ? ಮಗಳ ಮದ್ವೆ ಅಲ್ವಾ, ನಿಂಗೆ ತಲೆ ಬಿಸಿ ಆಗಿದೆ. ಹೋಗಿ ಲೇಸು ಮುಗ್ಸು.”

ಹೋಗಿ ಲೇಸು ಮುಗಿಸಿದೆ. ಮತ್ತೇನು ಮಾಡಲಿ? ಅವನ ಹೆಸರೇ ಕಿವಿ. ಆ ಕಿವಿ ಹೋಗಿದೆ ಎಂದು ಹೇಳುವುದೆಂದರೆ ಹೆಸರನ್ನೇ ಕಿತ್ತುಕೊಂಡ ಹಾಗೆ, ಅದೂ ಮಗಳ ಮದುವೆಯ ಮುಂದೆ. ಮದುವೆಯೊಂದು ಮುಗಿಯಲಿ, ಆಮೇಲೆ ಎಂದುಕೊಂಡೆ. ಆ ಕಾರು ಮದುವೆಯವರೆಗೆ ಬಾಳಲಿ ಎಂದು ಮೇರಿಯಮ್ಮನಿಗೆ ಮೇಣದಬತ್ತಿಯನ್ನೂ ಹಚ್ಚಿದೆ. ಕಾರಿಗೆ ಹರಕೆ ಹೊತ್ತ ಹೆಂಗಸು ನಮ್ಮೂರಲ್ಲಿ ನಾನೊಬ್ಬಳೇ ಇರಬೇಕು.

ಲೇಸು ಬೊಂಬೆಗೆ. ಮದುವೆ ಕಾರಿನ ಮೂತಿಗೆ ಮದುಮಗಳ ಬೊಂಬೆ ಕಟ್ಟುವುದು ನಮ್ಮ ಅಜ್ಜಿಯರ ಕಾಲದ ಪದ್ಧತಿ. ಈಗಿನವರು ಊಟದ ಮೇಜಿನ ಮೇಲಿಟ್ಟು ಸುಮ್ಮನಾಗುತ್ತಾರೆ. ನನಗೆ ಕಾರಿನ ಮೇಲೇ ಬೇಕಿತ್ತು. ಯಾರೆಲಿಸ್‌ಳ ಉಡುಪಿನದೇ ನಮೂನೆಯ ಲೇಸಿನಲ್ಲಿ ಬೊಂಬೆಗೆ ನೆರಿಗೆ ನೆರಿಗೆಯ ಲಂಗ ಹೊಲಿದು, ಗಂಜಿ ಹಾಕಿ, ಕೊಡೆಯ ಹಾಗೆ ಅರಳಿಸಿದ್ದೆ. ಎಫ್ರಾಯಿನ್ ತಾನೇ ಅದನ್ನು ಕೆಂಪು ಕಾರಿನ ಮೂತಿಗೆ ರಿಬ್ಬನ್ನಿನಲ್ಲಿ ಬಿಗಿದ. ಲಂಗ ಇಳಿದು ಕೆಳಗಿನ ಗಾಳಿಕಿಂಡಿಯ ಮೇಲೆ ಬಂತು.

“ಗಾಳಿಗೆ ಅಡ್ಡ ಆಗಲ್ವಾ?” ಎಂದು ನಾನೇ ಕೇಳಿದೆ.

“ಆದ್ರೆ ನಂಗೆ ಕೇಳ್ಸಲ್ವಾ?” ಎಂದ.

ಬೊಂಬೆಯ ನೆರಿಗೆ ಸರಿಮಾಡಿ ಒಳಗೆ ಹೋದೆ.

ಯಾರೆಲಿಸ್ ಆ ಕಾರಿಗೆ ಹತ್ತಲು ಒಪ್ಪಲಿಲ್ಲ. “ಏಸಿ ಇಲ್ದಿರೋ ಕಾರಲ್ಲಿ ಜೂನ್ ತಿಂಗಳು ನಾನು ಬರಲ್ಲಪ್ಪ, ಚರ್ಚಿಗೆ ಮುಟ್ಟೋಷ್ಟರಲ್ಲಿ ಮುಖ ಎಲ್ಲ ಕರಗಿ ಕೊರಳಿಗೆ ಬಂದಿರುತ್ತೆ” ಎಂದು ಚೆಯೊನ ದೊಡ್ಡ ಕಾರಿನಲ್ಲಿ ಕೂತಳು. ಹಾಗಾಗಿ ಬೊಂಬೆಯ ಮದುಮಗಳು ಮುಂದೆ, ನಿಜವಾದ ಮದುಮಗಳು ಹಿಂದೆ, ಅವಳ ಹಿಂದೆ ಸಂಘದವರ ಕಾರುಗಳೆಲ್ಲ ಹಾರ್ನ್ ಬಾರಿಸುತ್ತ, ಗುಡ್ಡದ ಮೇಲಿನ ನಮ್ಮ ಮನೆಯಿಂದ ಹೊರಟೆವು. ಎಫ್ರಾಯಿನ್‌ಗೆ ಕೋಟು ಬಿಗಿಯಾಗಿತ್ತು. ಮುಖದಲ್ಲಿ ಅಂಥ ಸಂತೋಷವನ್ನು ನಾನು ನಮ್ಮ ಮದುವೆಯ ದಿನವೂ ನೋಡಿರಲಿಲ್ಲ.

ಗುಡ್ಡ ಇಳಿಯುವವರೆಗೆ ಸರಿಯಿತ್ತು. ಊರು ಹತ್ತಿರ ಬಂದಂತೆ ವಾಹನ ದಟ್ಟವಾಗಿ, ನಡೆದು ಹೋಗುವವರಿಗಿಂತ ನಿಧಾನವಾದೆವು. ಮೊದಲು ನನ್ನ ಮೊಣಕಾಲಿನೆದುರು ಗುಟುಕು ಶುರುವಾಯಿತು. ಗುಳ್, ಗುಳ್. ಆಮೇಲೆ ಒಂದೇ ಸಮನೆ, ಉಸಿರು ಬಿಡದೆ. ಈ ಸಲ ಕುಡಿಯುವವರು ತೊಟ್ಟಿಯನ್ನೇ ಬರಿದು ಮಾಡುವ ಹಾಗಿತ್ತು.

“ಎಫ್ರಾಯಿನ್, ನಿಲ್ಸು.”

“ಇಲ್ಲಿ ನಿಲ್ಸಿದ್ರೆ ಹಿಂದಿನವ್ರೆಲ್ಲ ನಿಲ್ಬೇಕು. ಯಾಕೆ?”

“ಸದ್ದು.”

ಅವನು ತಲೆ ಒಂದಿಷ್ಟು ವಾಲಿಸಿ ಆಲಿಸಿದ. ಎಷ್ಟು ಗಂಭೀರವಾಗಿ ಆಲಿಸಿದನೆಂದರೆ ನನಗೆ ಅಳು ಬಂತು. “ಚೆನ್ನಾಗೇ ಓಡ್ತಿದೆ,” ಎಂದ.

ಆಗ ಬಜರ್ ಶುರುವಾಯಿತು. ನೀರು ಕಡಿಮೆಯಾದರೆ ಕೂಗಲಿ ಎಂದು ಕಾರು ಮಾಡಿದವರೇ ಇಟ್ಟದ್ದು. ಅದು ಕೂಗಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ, ಆದರೂ ಅದೇ ಎಂದು ತಿಳಿಯಿತು. ಈಈಈ ಎಂದು, ಸೂಜಿಯನ್ನು ಕಿವಿಗೆ ಚುಚ್ಚಿದ ಹಾಗೆ. ಪಕ್ಕದಲ್ಲಿ ನಡೆದು ಹೋಗುತ್ತಿದ್ದ ಹೆಂಗಸೊಬ್ಬಳು ತಿರುಗಿ ನಮ್ಮನ್ನು ನೋಡಿದಳು. ನನ್ನ ಗಂಡ ಕಿಟಕಿಯಿಂದ ಕೈ ಹೊರಗೆ ಹಾಕಿ ಅವಳಿಗೆ ಬೀಸಿದ, ಮದುವೆ ನೋಡಿ ನಗುತ್ತಿದ್ದಾಳೆ ಎಂದುಕೊಂಡು.

ಏನು ಹೇಳಲಿ? ಬಜರ್ ಕೂಗ್ತಿದೆ ಎಂದರೆ, ಎಲ್ಲಿ ಎನ್ನುತ್ತಾನೆ. ಇಲ್ಲೇ ಎಂದರೆ, ಅವನಿಗೆ ಇಲ್ಲಿಯೇ, ಸ್ಟೀರಿಂಗ್ ಹಿಡಿದಿರುವಾಗ, ಮಗಳ ಮದುವೆಯ ದಾರಿಯಲ್ಲಿ ಎಲ್ಲ ತಿಳಿದುಬಿಡುತ್ತದೆ. ಸುಮ್ಮನಿದ್ದರೆ ಎಂಜಿನ್ನು ಸಾಯುತ್ತದೆ. ನನಗೆ ತಿಳಿದ ಮದ್ದು ಒಂದೇ. ಕೈ ಚಾಚಿ ಹೀಟರಿನ ಗುಬುಟನ್ನು ಕೊನೆಯವರೆಗೆ ಎಳೆದೆ, ಫ್ಯಾನನ್ನೂ ಪೂರ್ತಿ ತಿರುಗಿಸಿದೆ.

“ಹುಚ್ಚು ಹಿಡೀತಾ? ಈ ಬಿಸಿಲಲ್ಲಿ ಹೀಟರ್ ಯಾಕೆ?” ಎಂದು ಅವನು ಗುಬುಟಿಗೆ ಕೈ ಹಾಕಿದ. ನಾನು ಆ ಕೈಯನ್ನು ಹಿಡಿದುಕೊಂಡೆ.

“ನಾವು ಬೇಯೋಣ. ಅದು ಬದುಕ್ಲಿ.”

“ಅದಕ್ಕೇನಾಗಿದೆ? ನಾನು ಕೇಳಿದ್ನಲ್ಲ...”

ನಾನು ಹಿಡಿದಿದ್ದ ಅವನ ಕೈ ಗಾಳಿ ಬರುವ ಕಿಂಡಿಯ ಎದುರಿಗೇ ಇತ್ತು. ಹೀಟರ್ ಪೂರ್ತಿ ಹಾಕಿದೆ, ಬೆಂಕಿಯಂಥ ಗಾಳಿ ಬರಬೇಕು. ಬರುತ್ತಿದ್ದುದು ತಣ್ಣನೆಯ ಗಾಳಿ. ಪೆಟ್ಟಿಗೆಯಲ್ಲಿ ಬಿಸಿನೀರಿದ್ದರೆ ತಾನೆ ಬಿಸಿ ಬರುವುದು? ಅವನು ಬೆರಳುಗಳನ್ನು ಬಿಡಿಸಿ, ಅಂಗೈಯನ್ನು ಆ ತಂಪಿಗೆ ಹಿಡಿದ. ಕಿವಿ ಹೇಳದ್ದನ್ನು ಅಂಗೈ ಹೇಳಿತು. ಕಾರನ್ನು ಬೇಕರಿಯ ಮುಂದೆ ಪಕ್ಕಕ್ಕೆ ಹಾಕಿ ಎಂಜಿನ್ನು ಆರಿಸಿದ. ಬೀಗದ ಕೈ ಪೂರ್ತಿ ತಿರುಗಿಸಲು ಅವನಿಗೆ ನೆನಪಾಗಲಿಲ್ಲ, ಬಜರ್ ಕೂಗುತ್ತಲೇ ಇತ್ತು.

ಬಾನೆಟ್ ಎತ್ತಿದಾಗ ಆವಿ, ಸಿಹಿ ಸಿಹಿ ವಾಸನೆ. ಸಂಘದವರೆಲ್ಲ ಇಳಿದು ಓಡಿ ಬಂದರು. ಚೆಯೊ ಮುಂದೆ ಬಗ್ಗಿ, ಗಾಳಿಕಿಂಡಿಯೊಳಗೆ ಹೀರಿಕೊಂಡು ಹೋಗಿ ಒದ್ದೆ ಬಟ್ಟೆಯ ಹಾಗೆ ಅಂಟಿದ್ದ ಬೊಂಬೆಯ ಲಂಗವನ್ನು ಹಿಡಿದೆಳೆದ. ಪರ್ರ್ ಎಂದು ಹರಿಯಿತು.

“ಎಲ್ಲಾ ಸುಮ್ನಿರಿ,” ಎಂದು ಚೆಯೊ ಕೈ ಎತ್ತಿದ. “ಕಿವಿ ಕೇಳ್ಲಿ.”

ಎಲ್ಲರೂ ಸುಮ್ಮನಾದರು. ಎಫ್ರಾಯಿನ್ ಸ್ಕ್ರೂಡ್ರೈವರ್ ತೆಗೆದು, ಆರಿಸಿದ್ದರೂ ಒಳಗೆ ಇನ್ನೂ ಕುದಿಯುತ್ತಿದ್ದ ಎಂಜಿನ್ನಿಗೆ ಊರಿ, ಹಿಡಿಯನ್ನು ಮೂಳೆಗೆ ಒತ್ತಿ, ಕಣ್ಣು ಮುಚ್ಚಿದ. ಆ ಮೌನದಲ್ಲಿ ಬಜರ್ ಒಂದೇ ಕೂಗುತ್ತಿತ್ತು. ಬೇಕರಿಯವನು ಕಿವಿಗೆ ಬೆರಳಿಟ್ಟುಕೊಂಡ.

“ಕೊಂಪಾಯ್, ಮೊದ್ಲು ಅದನ್ನ ಆರ್ಸು, ತಲೆ ಸೀಳ್ತಿದೆ,” ಎಂದ ಚೆಯೊ.

ಎಫ್ರಾಯಿನ್ ಕಣ್ಣು ತೆರೆದ. “ಯಾವ್ದನ್ನ?”

ನಾನು ಕಾರಿನೊಳಗೆ ಕೈ ಹಾಕಿ ಬೀಗದ ಕೈ ಕಿತ್ತುಕೊಂಡೆ, ಬಜರ್ ನಿಂತಿತು. “ನನ್ನ ಫೋನು ಅದು,” ಎಂದೆ. “ಚರ್ಚಿಗೆ ಹೊತ್ತಾಯ್ತು ಅಂತ ಬಡ್ಕೊಳ್ತಿದೆ. ಹೊರಡಿ ಎಲ್ಲಾ. ನನ್ನ ಲೇಸೇ ಗಾಳಿ ಕಟ್ಟಿ ಕಾರು ಕೊಂದಿದೆ, ಇನ್ನೇನು ಕೇಳೋದಿದೆ ಅದ್ರಲ್ಲಿ?”

ಚೆಯೊ ನನ್ನ ಮುಖ ನೋಡಿದ. ನನ್ನ ಕೈಯಲ್ಲಿ ಫೋನಿರಲಿಲ್ಲ, ಬೀಗದ ಕೈ ಇತ್ತು. “ಬೊಂಬೇದೇ ಕೆಲ್ಸ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಗೆಳೆಯನ ತೋಳು ಹಿಡಿದುಕೊಂಡ. “ಬಾರೋ, ಮಗಳು ಕಾಯ್ತಿದ್ದಾಳೆ.”

ಮದುವೆ ಚೆನ್ನಾಗಿಯೇ ಆಯಿತು. ಎಫ್ರಾಯಿನ್ ಮಗಳ ಕೈ ಹಿಡಿದು ನಡೆದ, ಅತ್ತ, ಕುಣಿದ. ಬೊಂಬೆ ಕಾರು ಕೊಂದ ಕತೆಯನ್ನು ಊಟದ ಮೇಜುಗಳೆಲ್ಲ ಹೇಳಿಕೊಂಡು ನಕ್ಕವು, ಅವನೂ ನಕ್ಕ. ಅನ್ನ ಮತ್ತು ಹಂದಿ ಬಡಿಸುವ ಹೊತ್ತಿಗೆ ನನ್ನ ಪಕ್ಕಕ್ಕೆ ಬಂದು, “ಕಾರು ಎಳೆಯೋ ಲಾರಿಯವನು ಬರ್ತಾನಂತೆ, ಬರ್ತೀಯಾ?” ಎಂದ.

ಮದುವೆಯ ಬಟ್ಟೆಯಲ್ಲೇ ಬೇಕರಿಯ ಮುಂದೆ, ಕಾರಿನ ಪಕ್ಕದ ಕಟ್ಟೆಯ ಮೇಲೆ ಕೂತೆವು. ಬಿಸಿಲು ಇಳಿಯುತ್ತಿತ್ತು. ಬೇಕರಿ ಮುಚ್ಚಿತ್ತು. ಎದುರು ಮನೆಯ ಅಂಗಳದಲ್ಲಿ ಒಂದು ನಾಯಿ ಮಲಗಿತ್ತು. ನಾನು ಹರಿದ ಲಂಗವನ್ನು ಮಡಿಲಲ್ಲಿ ಮಡಿಸುತ್ತಿದ್ದೆ.

“ಲೇಸಿಂದ ಅಲ್ಲ,” ಎಂದ.

“ಲೇಸಿಂದಾನೂ ಹೌದು.”

“ಕ್ರಿಸ್ಮಸ್ಸಿಂದ ಹೇಳ್ತಿದ್ದೆ ನೀನು.”

“ಹೂಂ.”

“ಹೆಂಗಿತ್ತು ಆ ಸದ್ದು? ಮಾಡಿ ತೋರ್ಸು.”

ನನಗೆ ನಾಚಿಕೆಯಾಯಿತು. ಆದರೂ ಅವನ ಕಿವಿಯ ಹತ್ತಿರ ಬಾಯಿ ತಂದು, ಗಂಟಲಿನಿಂದ ಗುಳ್, ಗುಳ್, ಗುಳ್ ಎಂದೆ. ಅವನು ಕಣ್ಣು ಮುಚ್ಚಿದ. ಇನ್ನೊಮ್ಮೆ ಎಂದ, ಇನ್ನೊಮ್ಮೆ ಮಾಡಿದೆ. ಆಕ್ಸಿಲರೇಟರ್ ಒತ್ತಿದಾಗ ಜಾಸ್ತಿಯೋ, ಬಿಟ್ಟಾಗಲೋ ಎಂದು ಕೇಳಿದ. ಒತ್ತಿದಾಗ ಎಂದೆ.

“ಆಗ್ಲೇ ರಬ್ಬರ್ ಹೋಗಿತ್ತು,” ಎಂದ ಮೆಲ್ಲಗೆ. “ಬೆಂಕಿ ಕಡೆಯಿಂದ ಗಾಳಿ ನೀರೊಳಗೆ ಸೇರ್ತಾ ಇತ್ತು. ಗುಳ್ಳೆ ಏಳ್ತಿದ್ವು. ಆಗ ಬಿಚ್ಚಿದ್ರೆ ಉಳ್ಕೊಳ್ತಿತ್ತು ನೆಗ್ರಾ.” ರೋಗ ಸರಿಯಾಗಿ ಹೇಳಿದ್ದಕ್ಕೆ ಅವನ ಮುಖಕ್ಕೆ ಒಂದು ಗಳಿಗೆ ಹಳೆಯ ಕಳೆ ಬಂತು. ನನ್ನ ಬಾಯಿ ಅವನ ಕಿವಿಯಾದರೂ ಆಯಿತಲ್ಲ, ಹೀಗೇ ಹೇಗೋ ನಡೆದುಹೋಗುತ್ತದೆ ಎಂದು ನನಗೂ ಆಸೆಯಾಯಿತು.

“ಮತ್ತೆ ಇವತ್ತು? ಚೆಯೊ ಆರ್ಸು ಅಂದ್ನಲ್ಲ, ಅದು ನಿನ್ನ ಫೋನಲ್ಲ. ಏನದು?”

“ಬಜರ್.”

“ಹೆಂಗಿತ್ತು?”

ನಾನು ಹಲ್ಲು ಕಚ್ಚಿ, ತುಟಿ ಅಗಲಿಸಿ, ತೆಳ್ಳಗೆ, ಎತ್ತರಕ್ಕೆ, ಈಈಈ ಎಂದೆ. ಅವನು ಕಣ್ಣು ಮುಚ್ಚಿಕೊಂಡು, ತಲೆ ವಾಲಿಸಿ ಕಾಯುತ್ತಿದ್ದ. ಉಸಿರು ಮುಗಿಯುವವರೆಗೂ ಮಾಡಿದೆ.

“ಹೂಂ, ಮಾಡು,” ಎಂದ. “ನಾಚ್ಕೆ ಯಾಕೆ, ಯಾರೂ ಇಲ್ಲ ಇಲ್ಲಿ.”

ಮತ್ತೆ ಉಸಿರು ತುಂಬಿಕೊಂಡು, ಅವನ ಕಿವಿಗೆ ಬಾಯಿ ತಾಗುವಷ್ಟು ಹತ್ತಿರ ಹೋಗಿ, ನನ್ನ ಶಕ್ತಿಯನ್ನೆಲ್ಲ ಹಾಕಿ ಮಾಡಿದೆ. ಎದುರು ಅಂಗಳದ ನಾಯಿ ಧಡಕ್ಕನೆ ಎದ್ದು ನಮ್ಮ ಕಡೆಗೆ ಬೊಗಳತೊಡಗಿತು.

ಅವನು ಕಣ್ಣು ತೆರೆದು ನಾಯಿಯನ್ನು ನೋಡಿದ. “ಅದ್ಯಾಕೆ ಹಂಗೆ ಬೊಗಳ್ತಿದೆ?” ಎಂದು ನನ್ನ ಕಡೆ ತಿರುಗಿದ. ನನ್ನ ಬಾಯಿ ಇನ್ನೂ ತೆರೆದೇ ಇತ್ತು.